ಎಂಟರಲ್ಲಿ ಒಂದನ್ನೇ ಕೇಳಿದ್ದೆ

ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಕೋಡ್ ಪರಿಶೀಲಿಸುವ ಹಿರಿಯ ಸಹೋದ್ಯೋಗಿಯ ಫೋನ್ ಬಂತು. "ನೀವು ಕಳಿಸಿದ್ದನ್ನ ಹಾಕಿದ್ಮೇಲೆ ಇಲ್ಲೊಂದು ಬೋರ್ಡ್ ಆನ್ ಆಗ್ತಾನೇ ಇಲ್ಲ ಮೇಡಂ."

ಬಸ್ತಿಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಕೂತು ನಾನು ಕರ್ನಲ್‌ಗೆ, ಅಂದರೆ ಯಂತ್ರ ಆನ್ ಆದೊಡನೆ ಎಲ್ಲದರ ಹೊಣೆ ಹೊರುವ ತಂತ್ರಾಂಶಕ್ಕೆ, ಕೋಡ್ ಬರೆಯುತ್ತೇನೆ. ಪ್ರೊಸೆಸರ್‌ನೊಳಗೇ ಇರುವ ಒಂದು ರಕ್ಷಣಾ ಸೌಲಭ್ಯವನ್ನು ಆನ್ ಮಾಡಿಸುವುದು ಆ ವಾರದ ಕೆಲಸ. ಮುಗಿಯಿತು ಎಂದು ಹಿಂದಿನ ದಿನವೇ ಹೇಳಿಬಿಟ್ಟಿದ್ದೆ.

ನನ್ನ ಮೇಜಿನ ಮೇಲಿದ್ದ ಬೋರ್ಡನ್ನು, ಅಂದರೆ ಕೋಡ್ ಪರೀಕ್ಷಿಸುವ ಪುಟ್ಟ ಕಂಪ್ಯೂಟರನ್ನು, ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಪ್ರತಿ ಸಲವೂ ಸರಿಯಾಗಿ ಎದ್ದಿತು. ಅದರಿಂದ ದಿಗಿಲು ಇನ್ನೂ ಹೆಚ್ಚಾಯಿತು. ಕೂರಲಾಗದೆ ಕೆಳಗಿಳಿದು ಗೇಟು ತೆಗೆದೆ, ಹಾಕಿದೆ, ಮತ್ತೆ ಮೇಲೆ ಬಂದೆ.

ಅಷ್ಟರಲ್ಲಿ ಅವರು ಆ ಬೋರ್ಡಿನ ವಿವರ ಕಳಿಸಿದ್ದರು. ಅದರ ಪ್ರೊಸೆಸರ್‌ನಲ್ಲಿ ಎಂಟು ಕೋರ್‌ಗಳು, ಅಂದರೆ ಕೆಲಸ ಹಂಚಿಕೊಂಡು ಮಾಡುವ ಎಂಟು ಘಟಕಗಳು; ಅವುಗಳಲ್ಲಿ ನಾಲ್ಕು ಹಳೇ ಮಾದರಿಯವು. ನನ್ನ ಬೋರ್ಡಿನಲ್ಲಿ ಎಲ್ಲವೂ ಹೊಸವು. ಮೊದಲು ಏಳುವ ಕೋರ್ ಒಂದನ್ನೇ ನಾನು ಈ ಸೌಲಭ್ಯ ಇದೆಯಾ ಎಂದು ಕೇಳಿ, ಅದು ಹೂಂ ಅಂದದ್ದೇ ತಡ, ಎಲ್ಲದಕ್ಕೂ ಆನ್ ಮಾಡಿಸಿದ್ದೆ. ಆಮೇಲೆ ಎದ್ದ ಹಳೇ ಕೋರ್‌ಗೆ ಆ ಆದೇಶ ಅರ್ಥವಾಗದೆ ಇಡೀ ಯಂತ್ರವೇ ನಿಂತುಹೋಗಿತ್ತು.

ಫೋನ್ ಮಾಡಿ, "ಅದೊಂದು ಬೋರ್ಡನ್ನ ಈ ಸೌಲಭ್ಯದಿಂದ ಹೊರಗಿಟ್ಟುಬಿಡ್ಲಾ ಸರ್? ಐದು ನಿಮಿಷದ ಕೆಲಸ," ಅಂದೆ.

"ಇಂಥ ಬೋರ್ಡ್ ಇದೊಂದೇ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಸರಿಯಾಗಿ ನೋಡಿ ಕಳಿಸ್ತೀನಿ ಎಂದು ಫೋನಿಟ್ಟೆ.

"ಹೊತ್ತು ಮುಳುಗ್ತಾ ಐತೆ, ಊಟಕ್ಕೆ ಬಾರೇ," ಎಂದು ಅಮ್ಮ ಕೆಳಗಿನಿಂದ ಕೂಗಿದಳು. ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ. ಬಂದೆ ಅಂದೆ, ಹೋಗಲಿಲ್ಲ. ಕೊನೆಗೆ ತಟ್ಟೆ ಹಿಡಿದು ಅವಳೇ ಮೆಟ್ಟಿಲು ಹತ್ತಿ ಬಂದಳು.

"ಮುಖ ಯಾಕೆ ಹಿಂಗ್ ಮಾಡ್ಕೊಂಡಿದ್ದೀಯ?"

"ಎಂಟು ಜನರನ್ನ ಕೇಳ್ಬೇಕಿತ್ತು. ಒಬ್ಬರನ್ನ ಕೇಳಿ ಎಲ್ಲಾರ್ದೂ ಒಪ್ಪಿಗೆ ಐತೆ ಅಂದ್ಕೊಂಡೆ ಕಣಮ್ಮ."

"ಹಂಗಾದ್ರೆ ಉಳಿದೋರನ್ನೂ ಕೇಳು. ಮೊದ್ಲು ಉಣ್ಣು."

ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಾಲ್ಕು ತುತ್ತು ಉಂಡು ಕೈ ತೊಳೆದೆ. ಎಲ್ಲ ಕೋರ್‌ಗಳೂ ಏಳುವ ತನಕ ಕಾಯಬೇಕು, ಪ್ರತಿಯೊಂದನ್ನೂ ಕೇಳಬೇಕು, ಒಂದು ಇಲ್ಲ ಅಂದರೂ ಸೌಲಭ್ಯ ಆಫ್ ಆಗಿಯೇ ಉಳಿಯಬೇಕು. ಹಾಗೆ ತಿದ್ದಿ, ತಪ್ಪು ನನ್ನದೇ ಎಂದೂ ಬರೆದು ಕಳಿಸಿದೆ.

ಬೆಳಿಗ್ಗೆ ಅವರ ಉತ್ತರ ಬಂದಿತ್ತು: ಬೋರ್ಡ್ ಎದ್ದಿದೆ, ಸೌಲಭ್ಯ ಆಫ್ ಆಗಿದೆ, ಹಾಗೇ ಆಗಬೇಕಿತ್ತು.

ಸಮಾಧಾನವಾಗಬೇಕಿತ್ತು. ಆದರೆ ಇನ್ನೆಲ್ಲೆಲ್ಲಿ ಹೀಗೆ ಒಂದನ್ನೇ ಕೇಳಿ ಬಿಟ್ಟಿದ್ದೇನೋ ಎಂದು ಕಾಫಿ ಲೋಟ ಪಕ್ಕಕ್ಕಿಟ್ಟು, ಎರಡು ವರ್ಷಗಳಿಂದ ಬರೆದ ಕೋಡನ್ನೆಲ್ಲ ತೆರೆದು ಮೊದಲ ಸಾಲಿನಿಂದ ಓದತೊಡಗಿದೆ.