ಬೇಡವೆಂದ ಆಶೀರ್ವಾದ

ಈ ಭಾನುವಾರ ಆರಾಧನೆಯ ಕೊನೆಗೆ ಪಾದ್ರಿಗಳು ಆಶೀರ್ವಾದಕ್ಕೆ ಕೈ ಎತ್ತಿದ್ದೇ ತಡ, ನನ್ನ ಮುಂದಿನ ಸಾಲಿನಾಕೆ ಕೈಚೀಲದ ಜಿಪ್ ಎಳೆದಳು. ಆ ಝರ್ರೆಂಬ ಸದ್ದಿಗೆ ನನ್ನ ಪಿತ್ತ ನೆತ್ತಿಗೇರಿತು. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನೂಕಾಡುವ ನಮ್ಮ ಸೇಲಂ ಜನ ದೇವರ ಆಶೀರ್ವಾದವನ್ನೂ ಅದೇ ಗಡಿಬಿಡಿಯಲ್ಲಿ ಪಡೆಯುತ್ತಾರೆ. ಮನೆಗೆ ಹೋದಮೇಲೆ ಗುಲಾಬಿ ಹೂವಿನ ಚಿತ್ರದ ಮೇಲೆ ‘ಕರ್ತರು ಆಶೀರ್ವದಿಸಲಿ’ ಎಂದಿರುವುದನ್ನು ಫೋನಿನಲ್ಲಿ ಊರಿಗೆಲ್ಲ ಕಳಿಸುತ್ತಾರೆ. ನೀವೂ ಕಳಿಸುವವರಾದರೆ ಬೇಸರಿಸಬೇಡಿ. ನನಗೆ ಸಿಟ್ಟು ಬರಲು ಕಾರಣವೇ ಬೇಡ ಎನ್ನುವುದು ನನ್ನ ಗಂಡನ ದೂರು. ಆದರೆ ಈ ಸಿಟ್ಟಿಗೆ ಕಾರಣವಿದೆ. ಆಶೀರ್ವದಿಸಲು ಎತ್ತಿದ ಕೈಯನ್ನು ತಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವ್ವ ಸೇಲಂನ ಕನ್ನಡ ನೇಕಾರರ ಮನೆಯ ಮಗಳು. ಅಪ್ಪ ತಮಿಳು ಕ್ರೈಸ್ತ, ಏರ್ಕಾಡ್ ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದವನು. ಅವನನ್ನು ಮದುವೆಯಾಗಿ ಅವ್ವ ಚರ್ಚಿಗೆ ಬಂದಳು. ಮಗ್ಗವನ್ನು ಮಾತ್ರ ಬಿಡಲಿಲ್ಲ. ಚರ್ಚಿನಲ್ಲಿ ಎಲ್ಲವೂ ತಮಿಳಾದರೂ ಅವಳ ಆಶೀರ್ವಾದ ಕನ್ನಡದಲ್ಲೇ. ಯಾರೇ ಹೊರಗೆ ಹೊರಟರೂ ಹೊಸ್ತಿಲಲ್ಲಿ ತಲೆ ಬಗ್ಗಿಸಬೇಕು. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯನ್ನೇ ತಲೆಯ ಮೇಲಿಟ್ಟು, “ಸ್ವಾಮಿ ನಿನ್ನ ಆಶೀರ್ವದಿಸ್ಲಿ, ಓದ್ ಕಡೆ ಜತೇಲಿರ್ಲಿ” ಅನ್ನುತ್ತಿದ್ದಳು. ನಾನು ಅರ್ಧ ಗಂಟೆ ಕನ್ನಡಿ ಮುಂದೆ ನಿಂತು ತೀಡಿದ ತಲೆ ಅಲ್ಲಿಗೆ ಹಾಳು. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡುತ್ತಿರಲಿಲ್ಲ; ಪಾಪ, ಅವನು ಖಾಲಿ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡೇ ತಲೆ ತಗ್ಗಿಸುತ್ತಿದ್ದ.

ಮಗ್ಗದಲ್ಲೂ ಅದೇ ಕತೆ. ಸೀರೆ ಉಡುವವಳು ಯಾರೋ, ಎಲ್ಲಿಯವಳೋ. ಅವಳಿಗೆ ಒಳ್ಳೆಯದಾಗಲೆಂದು ಪ್ರತಿ ಸಲ ಲಾಳಿ ಎಸೆಯುವಾಗಲೂ ಬಾಯಲ್ಲಿ ಅದೇ ಮಾತು. ಹೀಗಿರುವಾಗ ಅವ್ವನ ಅಣ್ಣ, ನಮ್ಮ ಮಾವ, ತನ್ನ ಮಗಳು ಕಸ್ತೂರಿಯ ಧಾರೆ ಸೀರೆಯನ್ನು ಅವ್ವನೇ ನೇಯಬೇಕೆಂದು ಹೇಳಿಕಳಿಸಿದ. ಕಸ್ತೂರಿ ತಾಯಿಯಿಲ್ಲದ ಹುಡುಗಿ, ಅವ್ವನ ಕೈತುತ್ತು ತಿಂದು ಬೆಳೆದವಳು. ಆ ಸೀರೆ ನೇಯುವಾಗ ಅವ್ವ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಮದುವೆ ನಲ್ಲಂಪಳ್ಳಿಯಲ್ಲಿ, ಗಂಡಿನ ಕಡೆಯವರ ಊರಲ್ಲಿ. ಹಿರಿಯರು ಒಬ್ಬೊಬ್ಬರೇ ಹೋಗಿ ಕಸ್ತೂರಿಯ ತಲೆ ಮುಟ್ಟಿ ಹರಸುತ್ತಿದ್ದರು. ಅವ್ವನ ಸರದಿ ಬಂತು. ಅವಳು ಕೈ ಎತ್ತಿದಳು. ಮಾವ ನಡುವೆ ಬಂದು ನಿಂತ.

“ನೀ ಕೂತ್ಕೊ ತಂಗಿ. ಊಟ ಮಾಡ್ಕೊಂಡು ಓಗು. ನಿಮ್ ಜೆಬಮ್ ಗಿಬಮ್ ಇಲ್ಲಿ ಬ್ಯಾಡ, ಬೀಗ್ರು ನೋಡ್ತಾವ್ರೆ.”

ನೇಯಲು ಬೇಕಾಗಿದ್ದ ಕೈ ಹರಸಲು ಬೇಡವಾಯಿತು. ಈಗಲೂ ಬರೆಯುವಾಗ ನನ್ನ ಮೈ ಉರಿಯುತ್ತದೆ. ಬೇಡವೆಂದ ಆ ಜೆಬಮ್ಮನ್ನು, ಅವ್ವ ಸೀರೆಯ ಎಳೆಎಳೆಯಲ್ಲೂ ನೇಯ್ದಿದ್ದ ಪ್ರಾರ್ಥನೆಯನ್ನು, ತಾನೇ ಮಗಳಿಗೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದೇನೆಂದು ಆ ಮಹಾನುಭಾವನಿಗೆ ಗೊತ್ತೇ ಇರಲಿಲ್ಲ. ಅದನ್ನು ಮಂಟಪಕ್ಕೆಲ್ಲ ಕೇಳುವಂತೆ ಕೂಗಿ ಹೇಳಲು ಬಾಯಿ ತೆರೆದೆ. ಅವ್ವ ನನ್ನ ರಟ್ಟೆ ಚಿವುಟಿ ಪಂಕ್ತಿಗೆ ಎಳೆದುಕೊಂಡು ಹೋದಳು. ಪಾಯಸವನ್ನೂ ಬಿಡದೆ ಉಂಡಳು.

ವಾಪಸು ಬರುವಾಗ ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ನಿಂತಿತ್ತು. ನಾನು ತಡೆಯಲಾರದೆ, “ಇನ್ಮೇಲೆ ಮಾವನ ಎಸರಿಗೆ ಆಶೀರ್ವಾದದ ಒಂದ್ ಮಾತೂ ಏಳ್ಬ್ಯಾಡ ಅವ್ವ” ಎಂದೆ.

“ನಂಗೂ ಒಟ್ಟೆ ಉರಿತೈತೆ ಕಣೆ,” ಅಂದಳು ಕಿಟಕಿಯಾಚೆ ನೋಡುತ್ತ. “ಏಳ್ದೆ ಇದ್ರೆ ನಾನೂ ಅಣ್ಣನಂಗೇ ಆಯ್ತೀನಲ್ಲ. ಬಾಯಿ ಏಳ್ತಾ ಇರ್ಲಿ, ಮನ್ಸು ಇಂದ್ಗಡೆಯಿಂದ ಬತ್ತದೆ.”

ಅವಳ ಮನಸ್ಸು ಬಂತೋ ಇಲ್ಲವೋ, ಸಾಯುವ ತನಕ ಸಂಜೆಯ ಪ್ರಾರ್ಥನೆಯಲ್ಲಿ ಅಣ್ಣನ ಹೆಸರು ಬಿಡಲಿಲ್ಲ. ಆ ಹೆಸರು ಬಂದಾಗಲೆಲ್ಲ ನಾನು ಬೇಕೆಂದೇ ಕೆಮ್ಮುತ್ತಿದ್ದೆ. ಈಗ ಮಾವನೂ ಇಲ್ಲ.

ಈ ಭಾನುವಾರ ಚರ್ಚಿನಿಂದ ಹಾಗೆ ಉರಿಯುತ್ತ ಬಂದು ಕೂತಿದ್ದೆ. ಮಧ್ಯಾಹ್ನ ಕಸ್ತೂರಿ ಒಬ್ಬಳೇ ಬಂದಳು. ಕುತ್ತಿಗೆಯಲ್ಲಿ ಗಡ್ಡೆಯಂತೆ, ಗುರುವಾರ ಆಪರೇಶನ್ ಅಂತೆ.

“ಅತ್ತೆ ಇದ್ದಿದ್ರೆ ಅವ್ರತ್ರ ಓಗ್ತಿದ್ದೆ. ಅವ್ರು ಏಳ್ತಿದ್ದ ಮಾತ ನೀ ಏಳಕ್ಕ.”

“ನಿಮ್ಮಪ್ಪ ಬ್ಯಾಡ ಅಂದಿದ್ನಲ್ಲ” ಎಂದೆ. ಕಾಯಿಲೆಯವಳ ಮುಂದೆ ಆಡುವ ಮಾತೇ ಅದು?

“ಬಯ್ಯಿ ಅಕ್ಕ, ಬಯ್ದು ಮುಗಿಸ್ಕೊ. ಆಮೇಲೆ ಆ ಮಾತ ಏಳು” ಅಂದಳು.

ಬಯ್ದೆ. ಮಾವನನ್ನು, ಬೀಗರನ್ನು, ಆ ಮಂಟಪವನ್ನು, ಅಲ್ಲಿನ ಪಾಯಸವನ್ನು ಕೂಡ. ಅಷ್ಟೂ ಹೊತ್ತು ಅವಳು ತಲೆ ತಗ್ಗಿಸಿಕೊಂಡೇ ಕೂತಿದ್ದಳು. ಕೊನೆಗೆ ಅವಳ ನರೆತ ತಲೆಯ ಮೇಲೆ ಕೈ ಇಟ್ಟು ಅವ್ವನ ಮಾತು ಹೇಳಿದೆ. ಸಾಲ ಕೇಳಿದವರನ್ನು ಸಾಗಹಾಕುವಂಥ ಗಡಸು ದನಿಯಲ್ಲಿ ಹೇಳಿ ಕೈ ತೆಗೆದೆ. ಅವಳು ತಲೆ ಎತ್ತಲಿಲ್ಲ.

“ಇನ್ನೊಂದ್ ಸಲ ಏಳಕ್ಕ. ಅವತ್ತು ಮಣೆ ಮ್ಯಾಲೆ ಅತ್ತೆ ಕೈಗೆ ಅಂತ ತಲೆ ಬಗ್ಗಿಸ್ಕೊಂಡೇ ಇದ್ದೆ. ಯಾರೂ ನೋಡ್ಲಿಲ್ಲ.”

ನಾನೂ ನೋಡಿರಲಿಲ್ಲ. ಸಿಟ್ಟು ಹೋಯಿತೆಂದರೆ ಸುಳ್ಳಾದೀತು. ಇಷ್ಟು ವರ್ಷ ಅವ್ವನೊಬ್ಬಳಿಗಾಗಿ ಸಿಟ್ಟಾಗಿದ್ದವಳು ಈಗ ಇವಳಿಗಾಗಿಯೂ ಸಿಟ್ಟಾದೆ. ಎರಡನೆಯ ಸಲ ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. ಮಾತು ಮುಗಿದಮೇಲೂ ಬಹಳ ಹೊತ್ತು ನಾನು ಕೈ ತೆಗೆಯಲಿಲ್ಲ.