ಒಂದು ಸಾಲು ಹೆಚ್ಚಾಗಿತ್ತು

ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬಂದು, ಚೀಲ ಇಳಿಸಿ, ಕನ್ನಡಕ ಒರೆಸಿಕೊಂಡು ಅವಳು ಮಾಡುತ್ತಿದ್ದ ಮೊದಲ ಕೆಲಸ ಅಂತರ್ಜಾಲದಲ್ಲಿ ತನ್ನದೇ ಹೆಸರು ಹುಡುಕುವುದು. ನಗಬೇಡಿ. ಎಲ್ಲರೂ ಮಾಡುವುದೇ, ಒಪ್ಪಿಕೊಳ್ಳುವವರು ಕಡಿಮೆ, ಅಷ್ಟೆ. ವಾರಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದವಳು. ಕಚೇರಿಯವರು ಬಾಯ್ತುಂಬ ಕರೆಯುತ್ತಿದ್ದದ್ದು ಕರಡಮ್ಮ ಎಂದು. ಹುಡುಕಿದರೆ ಸಿಗುತ್ತಿದ್ದದ್ದಾದರೂ ಏನು? ಅವಳೇ ಬರೆದ ಅಂಕಣಗಳು, ಮತ್ತೆ ಎಲ್ಲೋ ಇದ್ದ ಅದೇ ಹೆಸರಿನ ಹಲ್ಲಿನ ಡಾಕ್ಟರು.

ಅಂಕಣದ ವಿಷಯ ಮಾತ್ರ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ. ವಯಸ್ಕರ ಚಿತ್ರಗಳ ದಂಧೆಯಲ್ಲಿ ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ಬರೆಯುತ್ತಿದ್ದಳು. ನಟಿಸುವವಳನ್ನು ಕೇಳಿದರೇ? ಎಲ್ಲೆಲ್ಲಿ ತೋರಿಸುತ್ತೇವೆಂದು ಹೇಳಿದರೇ? ಸಾಕು ಎಂದಾಗ ತೆಗೆದರೇ? ನೋಡುವವನಿಗೆ ಹೊಣೆಯೇ ಇಲ್ಲವೇ? "ನಿಂಗೆ ಬೇರೆ ಏನೂ ಸಿಗ್ಲಿಲ್ವೇನೇ ಬರೆಯೋಕೆ?" ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು. ಚಚ್ಚಿಕೊಂಡೂ ಒಂದು ವಾರ ಬಿಡದೆ ಓದುತ್ತಿದ್ದಳು, ಅದು ಬೇರೆ ಮಾತು.

ಕರಡಮ್ಮನದೊಂದು ನೇಮ. ಯಾರದೋ ಹೆಸರು ಬಚ್ಚಿಡಲು ಇನ್ನೊಂದು ಹೆಸರು ಹುಟ್ಟಿಸುವುದಿಲ್ಲ. ಹಿಂದೊಮ್ಮೆ ಹಾಗೆ ಹುಟ್ಟಿಸಿದ ಹೆಸರು ನಿಜವಾಗಿ ಯಾವುದೋ ಪಾಪದ ಹೆಂಗಸಿನದೇ ಆಗಿ, ಅವಳು ಮನೆ ಖಾಲಿ ಮಾಡಬೇಕಾಯಿತು. ಆಮೇಲಿಂದ ಹೇಳಿದವರ ಮಾತನ್ನು 'ನಾನು' ಎಂದೇ ಬರೆದು, ತಲೆಯ ಮೇಲೊಂದು ಸಾಲು ಹಾಕುತ್ತಿದ್ದಳು: ಇದು ಹೆಸರು ಹೇಳಬಯಸದ ಮಹಿಳೆಯೊಬ್ಬರ ಕಥೆ.

ಆ ಸಲ ಹೇಳಿದವಳು ಒಬ್ಬ ಟೈಲರಮ್ಮ. ಇಪ್ಪತ್ತೈದರ ವಯಸ್ಸಿನಲ್ಲಿ ಅಂಥ ನಾಲ್ಕು ಚಿತ್ರಗಳಲ್ಲಿ ನಟಿಸಿದ್ದಳು. "ನಾನು ಒಪ್ಕೊಂಡಿದ್ದು ನಿಜ ಅಕ್ಕಾ. ಆದ್ರೆ ಒಂದು ದಿನಕ್ಕೆ. ಜನ್ಮಕ್ಕಲ್ಲ" ಎಂದಳು, ಬಟ್ಟೆಗೆ ಗುಂಡುಸೂಜಿ ಚುಚ್ಚುತ್ತಲೇ. ಹತ್ತೊಂಬತ್ತು ವರ್ಷವಾದರೂ ಅವಳ ಹೆಸರು ಹಾಕಿ ಹುಡುಕಿದರೆ ಆ ಚಿತ್ರಗಳೇ ಮೇಲೆ ಬರುತ್ತಿದ್ದವು. ಮಗಳು ಫೋನ್ ಹಿಡಿಯುವ ವಯಸ್ಸಿಗೆ ಬಂದಿದ್ದಳು, ಅದೇ ದಿಗಿಲು.

"ನನ್ನ ಹೆಸರು ನಿಮ್ಮ ಬಾಯಿಂದ ಬರಲ್ಲ ತಾನೇ?"

"ತಲೆ ಹೋದ್ರೂ ಬರಲ್ಲ" ಎಂದಳು ಕರಡಮ್ಮ.

ಆ ಅಂಕಣ ಅಚ್ಚಿಗೆ ಹೋಗುವ ದಿನ ಪುಟದಲ್ಲಿ ಹಿಡಿಸದೆ ಒಂದು ಸಾಲು ಹೆಚ್ಚಾಯಿತು. ಕರಡಮ್ಮ ಅವಸರದಲ್ಲಿ, ಇಪ್ಪತ್ತೆರಡು ವರ್ಷ ಪಳಗಿದ ಕೈಯಿಂದ, ತಲೆಯ ಮೇಲಿನ ಸಾಲನ್ನೇ ಹೊಡೆದುಹಾಕಿದಳು. ಉಳಿದದ್ದು ಬರೆದವಳೆಂದು ಅವಳದೇ ಹೆಸರು, ಅದರ ಕೆಳಗೆ 'ನಾನು'. ಊರವರ ತಪ್ಪನ್ನೆಲ್ಲ ಹಿಡಿಯುವವಳಿಗೆ ತನ್ನದೊಂದು ಕಾಣಲಿಲ್ಲ ನೋಡಿ.

ಗುರುವಾರ ಹೆಸರು ಹುಡುಕಿದಾಗ ಎಲ್ಲಕ್ಕಿಂತ ಮೇಲೆ, ಹುಡುಕುವ ಯಂತ್ರವೇ ಅಲ್ಲಿಲ್ಲಿ ಓದಿ ಕಟ್ಟಿದ ಒಂದು ಚೌಕ, ಅದರಲ್ಲಿ ಅವಳ ಫೋಟೊ. 'ಕರಡು ತಿದ್ದುವವರು. ವಯಸ್ಕರ ಚಿತ್ರಗಳ ಮಾಜಿ ನಟಿ.' ಕರಡಮ್ಮ ನಕ್ಕಳು. ಶುಕ್ರವಾರ ಚೌಕ ಬೆಳೆದಿತ್ತು: ನಾಲ್ಕೂ ಚಿತ್ರಗಳ ಹೆಸರು. ಅಂಕಣದಲ್ಲಿ ಆ ಹೆಸರುಗಳನ್ನು ಅವಳು ಬರೆದೇ ಇರಲಿಲ್ಲ. ಸೋಮವಾರ ಒಂದು ಫೋಟೊ: ನೀಲಿ ಪರದೆ, ಕಬ್ಬಿಣದ ಮಂಚ, ಅದರಂಚಿನಲ್ಲಿ ಕೂತು ಚಪ್ಪಲಿ ಮೆಟ್ಟುತ್ತಿರುವ ಹೆಂಗಸು. ಮುಖ ಕರಡಮ್ಮನದು, ಇಪ್ಪತ್ತೈದರ ಮುಖ, ಕಿವಿಯ ಕೆಳಗಿನ ಮಚ್ಚೆ ಸಮೇತ. ಯಂತ್ರ ಕಲಸಿ ಮಾಡಿದ್ದು, ಬಿಡು ಎಂದುಕೊಂಡಳು. ಆದರೆ ಆ ಪರದೆಯ ಸೀಮೆಎಣ್ಣೆ ವಾಸನೆ ಅವಳಿಗೆ ನೆನಪಿತ್ತು. ಟೈಲರಮ್ಮ ವಾಸನೆಯ ಮಾತೇ ಎತ್ತಿರಲಿಲ್ಲ.

"ನೀವು ಹುಡುಕಿದಷ್ಟೂ ಅದು ಬೆಳೆಯುತ್ತೆ ಮೇಡಂ. ಸುಮ್ನಿರಿ" ಎಂದರು ಕಂಪ್ಯೂಟರ್ ರಿಪೇರಿಯವರು. ಸುಮ್ಮನಿರಲು ಜನ ಬಿಡಬೇಕಲ್ಲ! ಪ್ರತಿ ಶನಿವಾರ ಅವಳು ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದ ಶಾಲೆಯವರು, ಇನ್ನು ಬರುವುದು ಬೇಡ ಎಂದರು. ಕರಡಮ್ಮ ಬಸ್ಸಿನಲ್ಲಿ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು.

ಆ ಚೌಕವನ್ನು ತೆಗೆಸಲು ಅಂತರ್ಜಾಲದಲ್ಲೇ ಒಂದು ಅರ್ಜಿ ಇತ್ತು. ಅದರಲ್ಲಿ ಒಂದೇ ಪ್ರಶ್ನೆ: ಈ ಕಥೆ ಯಾರದು?

"ಬರೆದು ಬಿಸಾಕೇ ಅವಳ ಹೆಸರ್ನ! ನಿನ್ನ ಮಾನ ಬೀದಿಪಾಲಾಗ್ತಿದೆ. ಅವಳೇನು ನಿನ್ನ ಒಡಹುಟ್ಟಿದೋಳಾ?" ಎಂದಳು ಅಕ್ಕ. ಅಕ್ಕ ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಕೊಟ್ಟ ಮಾತಿನಿಂದ ಬಿಡುಗಡೆ ಕೇಳೋಣವೆಂದು ಕರಡಮ್ಮ, ಅರ್ಜಿಯನ್ನು ಎದುರಿಗೇ ತೆರೆದಿಟ್ಟುಕೊಂಡು, ಟೈಲರಮ್ಮನಿಗೆ ಫೋನ್ ಮಾಡಿದಳು.

ಅವಳು ಹಲೋ ಎನ್ನಲೂ ಬಿಡಲಿಲ್ಲ. "ಅಕ್ಕಾ, ನಾನೇ ಮಾಡೋಣ ಅಂತಿದ್ದೆ! ನಿನ್ನೆ ಮಗಳು ನನ್ನ ಹೆಸರು ಹಾಕಿ ಹುಡುಕಿಬಿಟ್ಳು. ಜೀವ ಬಾಯಿಗೆ ಬಂತು. ನೋಡಿದ್ರೆ ಏನೂ ಇಲ್ಲ! ಬರೀ ನನ್ನ ಅಂಗಡಿ, ನಾನು ಮಿಷನ್ ಮುಂದೆ ಕೂತಿರೋ ಫೋಟೊ. 'ಅಮ್ಮಾ, ನೀನು ಫೇಮಸ್ಸು' ಅಂತ ಕುಣಿದಾಡಿದ್ಳು. ಹತ್ತೊಂಬತ್ತು ವರ್ಷದಿಂದ ಇದ್ದದ್ದು ಎಲ್ಲಿ ಹೋಯ್ತಕ್ಕಾ?"

ಎಲ್ಲಿಗೆ ಹೋಯಿತೆಂದು ಕರಡಮ್ಮನಿಗೆ ಗೊತ್ತಿತ್ತು. ಅವಳಿಗೆ ಭಯವಾಯಿತು, ಹೇಳಲಾರದಷ್ಟು ಭಯ.

"ಹೋಯ್ತಲ್ಲ, ಬಿಡಮ್ಮ. ಮಗಳ ಜೊತೆ ನೆಮ್ಮದಿಯಾಗಿರು" ಎಂದು ಫೋನಿಟ್ಟಳು.

ಕಂಪ್ಯೂಟರ್ ಪರದೆಯ ಮೇಲೆ ಅರ್ಜಿ ಹಾಗೇ ಇತ್ತು. ಆದರೆ 'ಯಾರದು?' ಎಂಬುದರ ಮುಂದಿನ ಜಾಗ ಈಗ ಖಾಲಿ ಇರಲಿಲ್ಲ. ಅಲ್ಲಿ ಕರಡಮ್ಮನ ಪೂರ್ತಿ ಹೆಸರಿತ್ತು. ಅವಳು ಒಂದಕ್ಷರವನ್ನೂ ಒತ್ತಿರಲಿಲ್ಲ.

ಅಳಿಸಿ ಟೈಲರಮ್ಮನ ಹೆಸರು ಬರೆಯಬಹುದಿತ್ತು. ಅಳಿಸುವುದೇ ಅವಳ ಕಸುಬು. ಕನ್ನಡಕ ಒರೆಸಿಕೊಂಡು, ಹೆಸರನ್ನು ಒಂದೊಂದೇ ಅಕ್ಷರವಾಗಿ ಎರಡು ಸಲ ಓದಿದಳು. ಆಮೇಲೆ ಕರಡಿನ ಕೊನೆಗೆ ಸಹಿ ಹಾಕುವ ಹಾಗೆ, 'ಕಳಿಸು' ಎಂಬುದನ್ನು ಒತ್ತಿದಳು.