ರಿಂದಜ್ಜಿ ದೇವಿ ಹಾಕಿಸಿಕೊಂಡದ್ದು

ರಿಂದಜ್ಜಿಗೆ ದಿನಾ ಬೆಳಿಗ್ಗೆ ಎಚ್ಚರವಾದ ಕೂಡಲೇ ಸಿಟ್ಟು ಬರುತ್ತಿತ್ತು. ಕಾರಣ ಇಷ್ಟೇ, ತಾನು ಇನ್ನೂ ಸತ್ತಿಲ್ಲ.

"ಇವತ್ತೂ ಕಣ್ಣು ತೆರೆಸಿದೆಲ್ಲೋ ವಿಶ್ವನಾಥಾ! ನನ್ನ ಚೀಟಿ ಎಲ್ಲಿ ಕಳಕೊಂಡು ಕೂತೀಯೋ?"

ಕೆಳಗಿನ ಕೋಣೆಯಲ್ಲಿ ಆಕೆ ಹೀಗೆ ಕೂಗುವುದು ಮಹಡಿಯ ಮೇಲಿದ್ದ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದೇ ನನಗೆ ಗಡಿಯಾರ. ಅಜ್ಜಿ ವಿಶ್ವನಾಥನನ್ನು ಬೈದು ಮುಗಿಸುವಷ್ಟರಲ್ಲಿ ನಾನು ಬಿಂದಿಗೆ ಹಿಡಿದು ನಳದ ಹತ್ತಿರ ಇರಬೇಕು. ತಡ ಮಾಡಿದರೆ ಅಂದಿನ ನೀರಿಗೆ ತಿಲಾಂಜಲಿ.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಮೈಸೂರಿನಿಂದ ಕಾಶಿಗೆ ಬಂದಿದ್ದೆ. ಗಂಡನಿಗೆ ಭೇಲೂಪುರದ ಒಂದು ಕಚೇರಿಯಲ್ಲಿ ಕೆಲಸ, ಮನೆ ಕೇದಾರಘಾಟಿನ ಹತ್ತಿರದ ಗಲ್ಲಿಯಲ್ಲಿ. ಕೆಳಗಿನ ಕೋಣೆಯ ರಿಂದಜ್ಜಿ ಗದಗಿನ ಕಡೆಯ ಒಂದು ಹಳ್ಳಿಯವಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೈದುನರ ಮನೆಯಲ್ಲಿ ದುಡಿದು ಸವೆದು, ಕೊನೆಗೆ ಕಾಶಿಯಲ್ಲಿ ಸಾಯುತ್ತೇನೆಂದು ಒಂದು ಗಂಟು ಕಟ್ಟಿಕೊಂಡು ಬಂದವಳು. ಬಂದು ಎಷ್ಟೋ ವರ್ಷವಾಗಿತ್ತು. ಸಾಯಲು ಬಂದವಳ ಕೋಣೆಯಲ್ಲಿ ಸಾಲಾಗಿ ಉಪ್ಪಿನಕಾಯಿ ಜಾಡಿಗಳು.

"ಮುಂದಿನ ವರ್ಷಕ್ಕೆ ಅಂತ ಇಷ್ಟೊಂದು ಹಾಕ್ತೀರಲ್ಲ ಅಜ್ಜಿ, ಯಾರಿಗೆ?" ಎಂದು ಒಮ್ಮೆ ಕೆಣಕಿದೆ.

"ಸತ್ರ ನೀವು ತಿನ್ನೂದು, ಇದ್ರ ನಾ ತಿನ್ನೂದು. ಕಾಯಿಗೇನು ಗೊತ್ತು?" ಎಂದಳು.

ನನ್ನನ್ನು ಆಕೆ ಹೆಸರು ಹಿಡಿದು ಕರೆದದ್ದೇ ಇಲ್ಲ. 'ಮೈಸೂರಾಕಿ' ಎಂದೇ ಕರೆಯುತ್ತಿದ್ದಳು. ನನ್ನ ಸಾರಿನಲ್ಲಿ ಖಾರವಿಲ್ಲ, ನನ್ನ ಮಾತಿನಲ್ಲಿ ಗಟ್ಟಿತನವಿಲ್ಲ ಎಂಬುದು ಆಕೆಯ ದೂರು. ಆದರೆ ನನ್ನ ಮಗಳು ಮುನ್ನಿಯನ್ನು ಸಾಕಿದವಳು ಮುಕ್ಕಾಲು ಪಾಲು ಆಕೆಯೇ. ಗಲ್ಲಿಯ ಮಕ್ಕಳ ಜೊತೆ ಆಡಿ ಆಡಿ ಮುನ್ನಿಗೆ ಹಿಂದಿಯೇ ಬಾಯಿಗೆ ಬರುತ್ತಿತ್ತು. ಬಿದ್ದು ಮೊಣಕಾಲು ತರಚಿಕೊಂಡರೂ ಹಿಂದಿಯಲ್ಲೇ ಅಳುತ್ತಾ ಅಜ್ಜಿಯ ಬಾಗಿಲಿಗೆ ಓಡುತ್ತಿದ್ದಳು. ಅಜ್ಜಿ ಕೈ ಕಟ್ಟಿಕೊಂಡು ನಿಂತುಬಿಡುತ್ತಿದ್ದಳು.

"ಹಿಂದಿಯೊಳಗ ಅತ್ರ ನಾ ಎತ್ಕೊಳ್ಳೂದಿಲ್ಲ ನೋಡು. ಕನ್ನಡದಾಗ ಅಳು."

ಮಗು ಬಿಕ್ಕುತ್ತಲೇ ಕನ್ನಡ ಹುಡುಕಬೇಕಾಗುತ್ತಿತ್ತು. ನನಗೆ ಕೆಲವು ಸಲ ಅಜ್ಜಿಯ ಮೇಲೆ ಕೋಪ ಬಂದದ್ದೂ ಉಂಟು. ಅಜ್ಜಿಯ ಹಿಂದಿಯಾದರೋ ಕನ್ನಡದ ಬಾಲಕ್ಕೆ ಒಂದು 'ಹೈ' ಕಟ್ಟಿದ್ದು. "ಬದನೀಕಾಯಿ ಹುಳುಕು ಹೈ" ಎಂದು ಆಕೆ ಗದರಿಸಿದರೆ ತರಕಾರಿಯವನು ಒಂದೂ ಮಾತಾಡದೆ ಬೇರೆ ಕಾಯಿ ಕೊಡುತ್ತಿದ್ದ.

ಇನ್ನೊಂದು ವಿಚಿತ್ರ ಹೇಳಲೇಬೇಕು. ಗಂಗೆಯ ದಂಡೆಯಲ್ಲಿ ಇಷ್ಟು ವರ್ಷ ಇದ್ದರೂ ರಿಂದಜ್ಜಿ ಒಂದು ದಿನವೂ ಗಂಗೆಯಲ್ಲಿ ಮುಳುಗಿ ಎದ್ದವಳಲ್ಲ. ಹುಡುಗಿಯಾಗಿದ್ದಾಗ ತಂಗಿ ಬಾವಿಗೆ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡಿದ್ದಳಂತೆ. ಅಂದಿನಿಂದ ಆಳದ ನೀರೆಂದರೆ ಆಕೆಗೆ ಪ್ರಾಣಭಯ. ಘಾಟಿನ ಒಣ ಮೆಟ್ಟಿಲ ಮೇಲೆ ಕುಳಿತು ಬೇರೆ ಯಾರಿಂದಲಾದರೂ ತಂಬಿಗೆಯಲ್ಲಿ ನೀರು ತರಿಸಿಕೊಂಡು ತಲೆಗೆ ಸುರಿದುಕೊಳ್ಳುವಳು. ಕೇಳಿದವರಿಗೆ, "ಗಂಗಿ ನಮಸ್ಕಾರಕ್ಕ, ತಂಬಿಗಿ ಸ್ನಾನಕ್ಕ" ಎನ್ನುವಳು.

ಆ ವರ್ಷ ಚಳಿ ಇಳಿಯುವ ಹೊತ್ತಿಗೆ ಪಕ್ಕದ ಗಲ್ಲಿಯ ಒಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ಕಂಡಿತು. ಸಿಡುಬು. ಊರವರು ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, 'ಮಾತಾ ಬಂದಿದ್ದಾಳೆ' ಎನ್ನುತ್ತಾರೆ. ಮಾರನೆಯ ದಿನವೇ ಸರ್ಕಾರದ ಲಸಿಕೆಯವರು ಬಂದರು. ಅವರ ಮುಖಂಡ ದುಬೇಜಿ ಎಂಬ ತಾಳ್ಮೆಯ ಮನುಷ್ಯ. ನಮ್ಮ ಕೇರಿಯಲ್ಲಿ ಕನ್ನಡದ, ತಮಿಳಿನ, ತೆಲುಗಿನ ಮುದುಕಿಯರು ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರಿದ್ದರು. ಅವರು ಯಾರೂ ಬಾಗಿಲು ತೆಗೆಯುವುದಿಲ್ಲವೆಂದು ದುಬೇಜಿ ಪೇಚಾಡುತ್ತಿದ್ದಾಗ ನಮ್ಮ ಯಜಮಾನರು ಉದಾರವಾಗಿ, "ನಮ್ಮ ಮನೆಯವಳು ಬರುತ್ತಾಳೆ" ಎಂದುಬಿಟ್ಟರು. ಮನೆಯವಳನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ತೋಚಲಿಲ್ಲ. ಬೇಳೆ ಬೇಯಿಸಿಟ್ಟು, ಮುನ್ನಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗೊಣಗುತ್ತಲೇ ಹೊರಟೆ.

ಮೊದಲ ಬಾಗಿಲೇ ರಿಂದಜ್ಜಿಯದು. ನಾನು ಮಹಡಿಯಿಂದ ಇಳಿಯುವಷ್ಟರಲ್ಲಿ ದುಬೇಜಿ ಬಾಗಿಲು ತಟ್ಟಿಯಾಗಿತ್ತು.

"ಮಾತಾಜೀ, ಟೀಕಾ ಲಗವಾ ಲೀಜಿಯೇ" ಎಂದರು ಬಹಳ ವಿನಯದಿಂದ.

ಹಿಂದಿಯಲ್ಲಿ ಟೀಕಾ ಎಂದರೆ ಲಸಿಕೆಯೂ ಹೌದು, ಹಣೆಗಿಡುವ ಕುಂಕುಮದ ಬೊಟ್ಟೂ ಹೌದು. ಅಜ್ಜಿಗೆ ಗೊತ್ತಿದ್ದದ್ದು ಘಾಟಿನಲ್ಲಿ ಪಂಡಾಗಳು ಬಂದವರ ಹಣೆಗೆಲ್ಲ ಬಳಿಯುವ ಟೀಕಾ ಒಂದೇ.

"ವಿಧವಿ ಹಣಿಗೆ ಟೀಕಾ ಹಚ್ಚಲಿಕ್ಕೆ ಬಂದೀಯೇನೋ ಭಾಡ್ಯಾ! ನನ್ನ ಗಂಡ ಹೋದಾಗ ನಿಮ್ಮಪ್ಪ ಹುಟ್ಟಿದ್ದಿಲ್ಲ!" ಎಂದು ಕೂಗಿ ತಂಬಿಗೆಯ ನೀರನ್ನು ದುಬೇಜಿಯ ಮೇಲೆ ಎರಚಿಯೇಬಿಟ್ಟಳು.

ಪಾಪ, ಅವರು ತೊಯ್ದ ಅಂಗಿಯಲ್ಲಿ, ತಮ್ಮಿಂದ ಏನು ತಪ್ಪಾಯಿತೆಂದು ನನ್ನ ಮುಖ ನೋಡಿದರು. ನಾನು ಬುದ್ಧಿವಂತೆಯ ಹಾಗೆ ಮುಂದೆ ಬಂದು, "ಅಲ್ಲ ಅಜ್ಜಿ, ಅವರು ಮೈಲಿ ಹಾಕೋಕೆ ಬಂದಿರೋದು" ಎಂದೆ. ನಮ್ಮ ಮೈಸೂರಿನ ಕಡೆ ಸಿಡುಬಿಗೆ ಮೈಲಿ ಎನ್ನುತ್ತೇವೆ. ಅಜ್ಜಿಯ ಕಿವಿಗೆ ಬಿದ್ದದ್ದು ಮೈಲಿಗೆ.

"ಥೂ! ಈಗರ ಸ್ನಾನ ಮುಗಿಸಿ ಮಡಿ ಉಟ್ಟೀನಿ, ಮೈಲಿಗಿ ಮಾಡ್ಲಿಕ್ಕೆ ನಿಂತೀಯಲ್ಲ, ನಿನಗೇನು ಬುದ್ಧಿ ಅದನೋ ಇಲ್ಲೋ!"

ನಾನು ಸೆರಗು ಸರಿಸಿ ನನ್ನ ತೋಳಿನ ಹಳೆಯ ಲಸಿಕೆಯ ಕಲೆ ತೋರಿಸಿದ ಮೇಲೆ ಆಕೆಯ ಮುಖ ಸಡಿಲವಾಯಿತು. "ದೇವಿ ಹಾಕೋದು ಅಂತ ಹೇಳಬಾರದೇನ? ಟೀಕಾ ಅಂತ, ಮೈಲಿ ಅಂತ. ಮೈಸೂರವರ ಬಾಯಾಗ ಒಂದು ಮಾತು ನೆಟ್ಟಗ ಬರೂದಿಲ್ಲ."

"ಸರಿ ಅಜ್ಜಿ, ದೇವಿ. ಹಾಕಿಸ್ಕೊಳ್ಳಿ."

"ಬದುಕೋರಿಗೆ ಹಾಕ್ರಿ. ಸಾಯ್ಲಿಕ್ಕೆ ಬಂದಾಕಿಗೆ ಯಾಕ? ದೇವಿ ಬಂದ್ರ ಬರಲಿ, ಕರಕೊಂಡು ಹೋಗಲಿ. ಆ ವಿಶ್ವನಾಥನ ಕಡಿಂದ ಆಗದ ಕೆಲಸ ಆಕಿನರ ಮಾಡಲಿ."

ಬಾಗಿಲು ಮುಚ್ಚಿತು. ಆ ಮಾತು ನಮಗಿಂತ ಮುಂಚೆ ಗಲ್ಲಿ ಸುತ್ತಿತು. ಯಾವ ಕೋಣೆಗೆ ಹೋದರೂ ಒಳಗಿನಿಂದ ಅದೇ ಉತ್ತರ: ರಿಂದಕ್ಕ ಹಾಕಿಸಿಕೊಂಡಿಲ್ಲ, ನಮಗೂ ಬೇಡ, ನಾವೂ ಸಾಯಲೆಂದೇ ಬಂದವರು. ದುಬೇಜಿ ಸೋತು ನಮ್ಮ ಜಗಲಿಯ ಮೇಲೆ ಕುಳಿತರು. ನನಗೆ ಅಳುಬರುವಷ್ಟು ಸಿಟ್ಟು ಬಂದಿತ್ತು. ಇವರೆಲ್ಲ ಸಾಯಲು ಬಂದವರೇ ಇರಬಹುದು. ಆದರೆ ನನ್ನ ಮಗು ದಿನವಿಡೀ ಇರುವುದು ಆ ಅಜ್ಜಿಯ ಮಡಿಲಲ್ಲಿ. ಮುನ್ನಿಗೆ ಲಸಿಕೆಯಾಗಿತ್ತು, ಅದು ಬೇರೆ ಮಾತು. ಮೈತುಂಬ ಬೊಕ್ಕೆ ಎದ್ದು ಅಜ್ಜಿ ಮಲಗಿರುವುದನ್ನು ನೆನೆಯಲೂ ನನ್ನಿಂದ ಆಗಲಿಲ್ಲ.

ಸಿಟ್ಟಿನಲ್ಲೇ ಆಕೆಯ ಕೋಣೆಗೆ ಹೋದೆ. ಅಕ್ಕಿ ಆರಿಸುತ್ತಾ ಕುಳಿತಿದ್ದಳು.

"ಅಜ್ಜಿ, ಬೇಕಾದ್ರೆ ಸಾಯಿರಿ. ಆದ್ರೆ ಸಿಡುಬಲ್ಲಿ ಸತ್ತೋರನ್ನ ಈ ಊರಲ್ಲಿ ಸುಡಲ್ಲ, ಗೊತ್ತಾ? ಕಲ್ಲು ಕಟ್ಟಿ ನಡುಹೊಳೇಲಿ ಬಿಡ್ತಾರೆ. ದೋಣೀಲಿ ತಗೊಂಡು ಹೋಗೋದನ್ನ ನಾನೇ ನೋಡಿದೀನಿ."

ಅಕ್ಕಿಯ ಮೇಲಿದ್ದ ಕೈ ನಿಂತಿತು. "ಸುಳ್ಳು ಹೇಳಬ್ಯಾಡ. ಕಾಶಿಯೊಳಗ ಬೆಂಕಿಗೇನು ಬರ ಬಂದದೇನ?" ಎಂದಳು. ದನಿ ಮಾತ್ರ ಎಂದಿನ ದನಿಯಾಗಿರಲಿಲ್ಲ.

ಮೊರ ಅಲ್ಲೇ ಬಿಟ್ಟು ಎದ್ದಳು. ನೇರ ಹರಿಶ್ಚಂದ್ರ ಘಾಟಿಗೆ. ನಾನು ಹಿಂದೆ ಹಿಂದೆ ಓಡಿದೆ. ಅಲ್ಲಿ ಎರಡು ಚಿತೆ ಉರಿಯುತ್ತಿದ್ದವು. ಚಿತೆಗೆ ಬೆಂಕಿ ಕೊಡುವ ಡೋಮರ ಮುದುಕನೊಬ್ಬ ಉದ್ದನೆಯ ಬಿದಿರಿನ ಗಳ ಹಿಡಿದು ನಿಂತಿದ್ದ. ಅಜ್ಜಿ ಆತನೆದುರು ಹೋಗಿ, ಅಂಗಡಿಯಲ್ಲಿ ಬದನೆಕಾಯಿ ವಿಚಾರಿಸುವ ಧಾಟಿಯಲ್ಲೇ ಕೇಳಿದಳು.

"ಮಾತಾ ಆಯಾ. ಹಮ್ ಮರಾ. ಸುಡತಾ ಹೈ ಕಿ ಇಲ್ಲಾ ಹೈ?"

ಆತ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮಾತಾ ಬಂದು ಸತ್ತರೆ ಸುಡುತ್ತೀರೋ ಇಲ್ಲವೋ ಎಂದು ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ.

"ನಾಹೀಂ ಮಾಈ" ಎಂದ ಆತ ಮೆಲ್ಲಗೆ. "ದೇವೀ ದೇಹ ಮೇಂ ರಹತೀ. ಉನಕೇ ಕಇಸೇ ಜರಾಈಂ? ಗಂಗಾಜೀ ಮೇಂ."

ದೇವಿ ಮೈಯಲ್ಲಿರುತ್ತಾಳೆ, ಅವಳನ್ನು ಹೇಗೆ ಸುಡುವುದು, ಗಂಗೆಗೇ ಬಿಡುವುದು. ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಅಜ್ಜಿ ನದಿಯ ಕಡೆ ನೋಡಿದಳು. ಅಗಲವಾಗಿ, ಮಣ್ಣುಬಣ್ಣದಲ್ಲಿ, ಸದ್ದಿಲ್ಲದೆ ಹರಿಯುತ್ತಿತ್ತು. ನನ್ನ ಮುಂಗೈಯನ್ನು ಹಿಡಿದುಕೊಂಡಳು. ಆಕೆ ನನ್ನನ್ನು ಹಾಗೆ ಹಿಡಿದದ್ದು ಅದೇ ಮೊದಲು. ಬೆರಳು ತಣ್ಣಗಿದ್ದವು.

"ಕತ್ತಲಿ ಇರತದ ಅದರೊಳಗ" ಎಂದಳು. "ನಮ್ಮ ತಂಗಿ ಸೋನಿನ್ನ ಬಾವ್ಯಾಗಿಂದ ಮ್ಯಾಲ ತಗದಾಗ ಬಾಯಿ ತುಂಬ ರಾಡಿ ಇತ್ತು."

ಮನೆಗೆ ಬಂದವಳೇ ಜಗಲಿಯಲ್ಲಿದ್ದ ದುಬೇಜಿಯೆದುರು ತೋಳು ಚಾಚಿ ಕುಳಿತಳು. ಅವರು ಸೂಜಿ ತೆಗೆದೊಡನೆ ತೋಳು ಹಿಂದೆಳೆದುಕೊಂಡು, "ಇಂವನ ಕೈ ಬ್ಯಾಡ. ಮೈಸೂರಾಕಿ, ನೀ ಹಾಕು" ಎಂದು ಹಟ ಹಿಡಿದಳು. ದುಬೇಜಿ ನಗುತ್ತಾ ನನಗೆ ಕಲಿಸಿಕೊಟ್ಟರು. ಎರಡು ಮೊನೆಯ ಪುಟ್ಟ ಸೂಜಿ, ಮದ್ದಿನಲ್ಲಿ ಅದ್ದಿ ಒಂದೇ ಕಡೆ ಚುಚ್ಚುತ್ತಾ ಹೋಗುವುದು, ರಕ್ತದ ಹನಿ ಮಿನುಗಿದರೆ ಸಾಕು. ನಾನು ಸೂಜಿ ಹಿಡಿದು ಹಿಂದೆಮುಂದೆ ನೋಡಿದೆ. ಅಜ್ಜಿ ಮಾತ್ರ ಕದಲಲಿಲ್ಲ. "ಹಪ್ಪಳಕ್ಕ ಚುಚ್ಚಿದಂಗ ಚುಚ್ಚವಾ, ಹೆದರಬ್ಯಾಡ" ಎಂದು ನನಗೇ ಧೈರ್ಯ ಹೇಳಿದಳು.

ಆಮೇಲಿನ ಕೆಲಸ ಆಕೆಯೇ ವಹಿಸಿಕೊಂಡಳು. ಒಂದೊಂದು ಬಾಗಿಲಿಗೂ ಹೋಗಿ ಕೋಲಿನಿಂದ ಬಡಿದು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಸುಡಸ್ಕೊಳ್ಳಿಕ್ಕೆ ಬಂದೀರೋ, ಮುಳಗಲಿಕ್ಕೆ ಬಂದೀರೋ?"

ತಮಿಳಿನ ಅಜ್ಜಿಯರಿಗೆ ಅಭಿನಯಿಸಿ ತೋರಿಸಿದಳು. ಕುತ್ತಿಗೆಗೆ ಕಲ್ಲು ಕಟ್ಟಿದ ಹಾಗೆ ಕೈ ಮಾಡಿ, ಗುಳುಂ ಎಂದು ಸದ್ದು ಮಾಡಿದರೆ ಎಂಥವರಿಗೂ ಅರ್ಥವಾಗುತ್ತಿತ್ತು. ಬಾಗಿಲುಗಳು ತೆರೆದವು. ಸುಕ್ಕುಗಟ್ಟಿದ ತೋಳುಗಳು ಒಂದರ ಹಿಂದೊಂದು ಹೊರಬಂದವು. ದುಬೇಜಿ ಕೂಡ ಆ ಸಾಲನ್ನು ಬಾಯಿಪಾಠ ಮಾಡಿಕೊಂಡು "ಸುಡಸ್ಕೊಲ್ಲಿಕೆ ಬಂದಿರೋ" ಎಂದು ತಮ್ಮ ಬನಾರಸಿ ನಾಲಿಗೆಯಲ್ಲಿ ಹೇಳಿದಾಗ, ಎಷ್ಟೋ ವರ್ಷಗಳಿಂದ ನಗದಿದ್ದ ಮುದುಕಿಯರು ಸೆರಗು ಬಾಯಿಗಿಟ್ಟು ನಕ್ಕರು.

ಮನೆಗೆ ಬಂದು ನೋಡಿದರೆ ಬೇಳೆ ಹಳಸಿತ್ತು. ಯಜಮಾನರಿಗೆ ಮೊಸರನ್ನ, ಅಜ್ಜಿಯ ಉಪ್ಪಿನಕಾಯಿ. ಹೇಳದೆ ಕೇಳದೆ ನನ್ನನ್ನು ಕಳಿಸಿದ್ದಕ್ಕೆ ಅಷ್ಟಾದರೂ ಶಿಕ್ಷೆ ಬೇಡವೆ? ಮುನ್ನಿ ಹೇರ್‌ಪಿನ್ನಿನಿಂದ ತನ್ನ ಬಟ್ಟೆಗೊಂಬೆಗೆ ಚುಚ್ಚುತ್ತಾ, "ಅಳಬ್ಯಾಡವಾ" ಎಂದು ರಿಂದಜ್ಜಿಯ ರಾಗದಲ್ಲಿ ಸಮಾಧಾನ ಮಾಡುತ್ತಿದ್ದಳು.

ಅಜ್ಜಿಯ ತೋಳಿನಲ್ಲಿ ಬೊಕ್ಕೆ ಎದ್ದು, ಜ್ವರ ಬಂದು, ಹಕ್ಕಳೆ ಕಟ್ಟಿ ಉದುರಿ, ಗುಂಡಗಿನ ಕಲೆ ಉಳಿಯಿತು. ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ಬೆಳಗಿನ ಬೈಗುಳದಲ್ಲಿ ವಿಶ್ವನಾಥನ ಜೊತೆ ನನಗೂ ಪಾಲು ಸಿಕ್ಕಿತು: "ಮೈಸೂರಾಕಿ ಎಂಥಾ ದೇವಿ ಹಾಕ್ಯಾಳೋ, ಸಾವೂ ಹತ್ರ ಬರವಲ್ದು!"

ಮರುವರ್ಷದ ಬೇಸಿಗೆಯಲ್ಲಿ ಅದು ಹತ್ತಿರ ಬಂತು. ಗಲ್ಲಿಯ ಕಲ್ಲು ಕಾಲು ಸುಡುವ ದಿನಗಳು. ಅಜ್ಜಿಗೆ ಜ್ವರ ಹಿಡಿಯಿತು, ಕುತ್ತಿಗೆ ಮುಖದ ಮೇಲೆಲ್ಲ ಬೆವರುಗುಳ್ಳೆ ಎದ್ದಿತ್ತು. ಒಂದು ಬೆಳಿಗ್ಗೆ ಬೈಗುಳ ಕೇಳಲಿಲ್ಲ. ನಾನು ಬಿಂದಿಗೆ ಕೆಳಗಿಟ್ಟು ಓಡಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಕೆ ಬಯಸಿದ್ದು ಆಕೆಗೆ ಸಿಕ್ಕಿತ್ತು. ನನಗೆ ಅದರಿಂದ ಒಂದಿಷ್ಟೂ ಸಮಾಧಾನವಾಗಲಿಲ್ಲ, ಗಟ್ಟಿಯಾಗಿ ಅತ್ತೆ.

ಮಠದಿಂದ ಒಬ್ಬ ಪುರೋಹಿತರು ಬಂದರು. ನಮ್ಮ ಯಜಮಾನರೂ ಅಕ್ಕಪಕ್ಕದವರೂ ಹೆಗಲು ಕೊಟ್ಟರು. ಹೆಂಗಸರು ಹೆಣದ ಜೊತೆ ಘಾಟಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ನಾನು ಬಾಗಿಲಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಯಜಮಾನರು ಏದುಸಿರು ಬಿಡುತ್ತಾ ವಾಪಸು ಬಂದರು.

"ಘಾಟಿನವರು ತಡೆದುಬಿಟ್ಟಿದಾರೆ ಕಣೇ. ಮುಖದ ಮೇಲಿನ ಗುಳ್ಳೆ ನೋಡಿ ಮಾತಾ ಅಂತಿದಾರೆ. ದೋಣಿಯವನನ್ನ ಕರೀತಿದಾರೆ."

ನಾನು ಪದ್ಧತಿಯನ್ನು ಅಲ್ಲೇ ಬಿಟ್ಟು ಓಡಿದೆ. ಚಟ್ಟ ಕೆಳಗಿನ ಮೆಟ್ಟಿಲಲ್ಲಿತ್ತು, ಅಜ್ಜಿಯ ಪಾದದಿಂದ ಒಂದು ಮಾರು ದೂರದಲ್ಲಿ ನೀರು. ದೋಣಿಯೂ ಬಂದು ನಿಂತಿತ್ತು. ಮೊಣಕಾಲೂರಿ ಕುಳಿತು, ಹೊದಿಸಿದ್ದ ಬಟ್ಟೆ ಸರಿಸಿ, ಆಕೆಯ ತೋಳನ್ನು ಹೊರಗೆ ತೆಗೆದೆ. "ನೋಡಿ, ಟೀಕಾ ಆಗಿದೆ. ನಾನೇ ಹಾಕಿದ್ದು. ಇದು ಮಾತಾ ಅಲ್ಲ, ಸೆಕೆಯ ಗುಳ್ಳೆ" ಎಂದು ಹಿಂದಿಯಲ್ಲಿ ಕೂಗಿದೆ. ಯಾರೂ ಮುಂದೆ ಬರಲಿಲ್ಲ.

ಆಮೇಲೆ ಆ ಬಿದಿರಿನ ಗಳದ ಡೋಮ ಮುದುಕ ಬಂದ. ಬಗ್ಗಿ ಕಲೆ ನೋಡಿದ, ಮುಖ ನೋಡಿದ. ಅವನ ಹುಬ್ಬು ಮೇಲೇರಿತು.

"ಅರೇ, ಈ ತ ಪೂಛೇವಾಲೀ ಮಾಈ ಹಈ!" ಎಂದ. ಕೇಳಲು ಬಂದಿದ್ದ ತಾಯಿ ಇವಳು! ಎದ್ದು ನಿಂತು ದೋಣಿಯವನಿಗೆ ಹೋಗೆಂದು ಕೈಬೀಸಿದ. "ಲಕಡೀ ಲಗಾವ. ಮಾಈ ಪಹಿಲೇ ಹೀ ಪೂಛ ಕೇ ಗಇಲ ರಹಲೀ."

ಸೌದೆ ಒಟ್ಟಿ ಎಂದು ಅವನು ಹೇಳಿದ್ದು. ತಾಯಿ ಮೊದಲೇ ಕೇಳಿಕೊಂಡು ಹೋಗಿದ್ದಾಳೆ.

ಬೆಂಕಿ ಚೆನ್ನಾಗಿ ಹತ್ತುವವರೆಗೂ ನಾನು ಅಲ್ಲೇ ನಿಂತಿದ್ದೆ. ಯಾರೂ ಹೋಗೆನ್ನಲಿಲ್ಲ.

ಮನೆಗೆ ಮರಳಿದಾಗ ಮುನ್ನಿ ಕೆಳಗಿನ ಕೋಣೆಯ ಹೊಸ್ತಿಲಲ್ಲಿ ಕುಳಿತು ಅಳುತ್ತಿದ್ದಳು. ಪಕ್ಕದ ಮನೆಯಾಕೆ ಹಿಂದಿಯಲ್ಲಿ ಎಷ್ಟು ರಮಿಸಿದರೂ ಕೇಳಲೊಲ್ಲಳು. ಮುಚ್ಚಿದ ಬಾಗಿಲನ್ನು ಎರಡೂ ಕೈಯಿಂದ ತಟ್ಟುತ್ತಾ ಹೇಳುತ್ತಿದ್ದಳು:

"ಅಜ್ಜೀ, ಕನ್ನಡದಾಗ ಅಳ್ಲಿಕ್ಕೆ ಹತ್ತೀನಿ. ಎತ್ಕೋ."